ಕಡಂಗ ಅಂದುಕೊಂಡಿದ್ದು ಓಣಿಯಾಗಿತ್ತು

ಕೊಡಗಿನ ನಾಪೋಕ್ಲು ಕಡೆ ನನ್ನ ಭಾವನದ್ದು ಒಂದು ಹಳೇ ಕಾಫಿ ತೋಟ. ಅದರೊಳಗೆ ಆಳೆತ್ತರದ ಒಂದು ಕಂದಕ ಇದೆ. ಎಲ್ಲರೂ ಅದನ್ನು ಕಡಂಗ ಅನ್ನುತ್ತಿದ್ದರು, ಹಳೇ ಕಾಲದ ಯುದ್ಧದ ಕಂದಕ. ವಿರಾಜಪೇಟೆ ಕಡೆ ಕಡಂಗ ಅನ್ನೋ ಊರೇ ಇದೆ. ಕೊಡಗಿನಲ್ಲಿ ಉದ್ದದ ಕಂದಕ ಕಂಡರೆ ಇನ್ನೇನು ಅನ್ನಬೇಕು, ಅಲ್ವಾ? ನಾನೂ ಹಾಗೇ ನಂಬಿ ಟೇಪು ಹಿಡಿದು ಹೊರಟೆ.

ಹೋದದ್ದು ಕೊಯ್ಲು ಮುಗಿದು ಮರಗಸಿ, ಅಂದರೆ ನೆರಳುಮರಗಳ ಕೊಂಬೆ ಕಡಿಯೋ ಕೆಲಸ, ಆದ ಮೇಲೆ. ಆಗ ನೆಲಕ್ಕೆ ಬಿಸಿಲು ಬೀಳುತ್ತದೆ. ಬೆಳಗಿನ ಓರೆ ಬಿಸಿಲಲ್ಲಿ ಗೇಣುದ್ದದ ಏರುತಗ್ಗಿಗೂ ನೆರಳು ಬರುತ್ತದೆ, ಮಧ್ಯಾಹ್ನ ಏನೂ ಕಾಣಲ್ಲ. ಮರದಡಿ ಮೊಬೈಲ್ ಜಿಪಿಎಸ್ ಸುಮ್ನೆ ಹಾರಾಡಿತು. ಹಾಗಾಗಿ ಗಡಿಕಲ್ಲಿನಿಂದಲೇ ಅಳೆದೆ. ಮಟ್ಟ ನೋಡಲು ಗಾರೆ ಕೆಲಸದವರ ನೀರಿನ ಪೈಪು ಸಾಕಾಯಿತು.

ತೋಟದಲ್ಲಿ ಗುಂಡಿಗಳಿಗೇನು ಬರ! ಮಳೆನೀರು ಇಂಗಲು ತೋಡುವ ತೊಟ್ಟಿಲು ಗುಂಡಿ ಗಿಡಗಳ ಸಾಲಿನ ನಡುವೆ, ಉದ್ದ ಕಡಿಮೆ. ಆನೆ ಕಂದಕ ಜೆಸಿಬಿ ತೋಡಿದ್ದು, ಹೊಸ ಮಣ್ಣು. ನೀರಿನ ಚರಂಡಿ ಇಳಿಜಾರಿಗೆ ಅಡ್ಡವಾಗಿ, ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಸಾಗುತ್ತದೆ. ಕಡಂಗಕ್ಕೆ ಇಳಿಜಾರಿನ ಹಂಗಿಲ್ಲ, ಗುಡ್ಡ ಹತ್ತಿ ಇಳಿಯುತ್ತದೆ. ತೋಡಿದ ಮಣ್ಣೆಲ್ಲ ಒಂದೇ ಬದಿಗೆ ದಿಬ್ಬವಾಗಿರುತ್ತದೆ.

ನಮ್ಮದರಲ್ಲಿ ಎರಡೂ ಬದಿ ಗೋಡೆ ಸಮ. ತಳ ಎರಡು ಮೀಟರ್ ಅಗಲ, ತುಳಿದು ತುಳಿದು ಗಟ್ಟಿಯಾಗಿದೆ. ಎರಡು ಕಡೆ ತಿರುವು. ಕೆಳತುದಿ ನೇರ ಗದ್ದೆಗೆ ಹೋಗುತ್ತದೆ. ಯುದ್ಧಕ್ಕೆ ತೋಡಿದ್ದು ಗದ್ದೆಗೆ ಯಾಕೆ ಇಳಿಯಬೇಕು?

ಮೇಲಿನ ತುದಿಯಲ್ಲಿ ಸಮತಟ್ಟು ಜಾಗ. ಅಲ್ಲಿ ಕಾಫಿ ಗಿಡ ಮೊಣಕಾಲೆತ್ತರವೂ ಇಲ್ಲ. "ಎಷ್ಟು ಗೊಬ್ಬರ ಹಾಕಿದ್ರೂ ಇಲ್ಲಿ ಗಿಡ ಬರಲ್ಲ ಸಾರ್" ಎಂದ ತೋಟದ ಲೆಕ್ಕ ಬರೆಯುವ ರೈಟರ್. ಕಳೆ ತೆಗೆಸಿದೆವು. ಮೂರು ಕಲ್ಲಿನ ಮೆಟ್ಟಿಲು ಸಿಕ್ಕವು. ಪಕ್ಕದಲ್ಲಿ ಮುದಿ ಹಲಸಿನ ಮರ. ಗಿಡ ಬಾರದ ಆ ಗಟ್ಟಿ ನೆಲ ಅಂಗಳ! ಗದ್ದೆಯ ಮೇಲಿನ ಏರಿನಲ್ಲಿ ಐನ್‌ಮನೆ, ಅಂದರೆ ಕೊಡವ ಕುಟುಂಬದ ಮೂಲ ಮನೆ, ಅದಕ್ಕೆ ಹೋಗಲು ಎತ್ತರದ ಮಣ್ಣುಗೋಡೆಗಳ ನಡುವೆ ಓಣಿ. ಕೊಡವರ ಹಳೇ ಮನೆಗಳಿಗೆ ದಾರಿ ಇರುವುದೇ ಹೀಗೆ.

ಕಾಫಿ ಸಾಲುಗಳು ಓಣಿಯ ಗೋಡೆ ಹತ್ತಿ, ಮುರಿದ ಕಡೆ ಇಳಿದು ಆಚೆ ಹೋಗಿವೆ. ಅಂದರೆ ಓಣಿ ಮೊದಲು, ಈ ಸಾಲು ಆಮೇಲೆ. ಕೊಡಗಿನಲ್ಲಿ ಬಿಳಿ ದೊರೆಗಳ ಕಾಫಿ ತೋಟ ಶುರುವಾದದ್ದು 1854ರಲ್ಲಿ, ಮಡಿಕೇರಿ ಹತ್ತಿರ. ಆದರೆ ಗಿಡ ಕಿತ್ತು ಮತ್ತೆ ನೆಡುವುದು ಇದ್ದದ್ದೇ, ಹಾಗಾಗಿ ಸಾಲು ನೋಡಿ ಇಸವಿ ಬರೆಯಬಾರದು.

ನಕ್ಷೆಯಲ್ಲಿ 'ಓಣಿ' ಎಂದು ಬರೆದುಕೊಟ್ಟೆ. ಭಾವ ಅದಕ್ಕೆ ಫ್ರೇಮ್ ಹಾಕಿಸಿ ಹೋಂಸ್ಟೇ ಜಗಲಿಯಲ್ಲಿ ತೂಗುಹಾಕಿದ್ದಾರೆ. ಬಂದವರಿಗೆಲ್ಲ ಈಗಲೂ "ಬನ್ನಿ, ನಮ್ಮ ಕಡಂಗ ತೋರಿಸ್ತೀನಿ" ಅಂತಲೇ ಕರೆದೊಯ್ಯುತ್ತಾರೆ.