ಹಯಬುಸಾ ಕೊಳ್ಳುವ ಮೊದಲು ಈ ಲೆಕ್ಕ ಹಾಕಿ

ಸೂಪರ್‌ಬೈಕ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: 'ಸರ್ವೀಸಿಗೆ ಎಷ್ಟಾಗುತ್ತೆ?' ಶೋರೂಮಿನವರು ಒಂದು ಮೊತ್ತ ಹೇಳುತ್ತಾರೆ. ಅಷ್ಟೇನಾ, ಕೊಡಬಹುದು ಅನ್ನಿಸುತ್ತದೆ. ಆದರೆ ಈ ಬೈಕುಗಳು ದುಡ್ಡು ತಿನ್ನುವುದು ಸರ್ವೀಸ್ ಬಿಲ್ಲಿನಲ್ಲಿ ಅಲ್ಲ. ಟೈರು, ವಿಮೆ, ಪ್ಲಾಸ್ಟಿಕ್ ಮತ್ತು ಸುಮ್ನೆ ನಿಂತ ದಿನಗಳು, ಇವು ತಿನ್ನುತ್ತವೆ.

ನಮ್ಮ ರಸ್ತೆಯಲ್ಲಿ ಎಲ್ಲರಿಗೂ ಗುರುತಿರುವ ಸುಜುಕಿ ಹಯಬುಸಾವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. 1,340 ಸಿಸಿ, ನಾಲ್ಕು ಸಿಲಿಂಡರ್, ಸುಮಾರು 265 ಕೆ.ಜಿ. ತೂಕ. ಈಗಿನ ಮಾದರಿ 2021ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ಎಕ್ಸ್‌-ಶೋರೂಂ ಬೆಲೆ 16.40 ಲಕ್ಷ ರೂಪಾಯಿ ಇತ್ತು. ಕೆಳಗಿನ ಬೆಲೆಗಳು ಅಂದಾಜು ಅಷ್ಟೇ. ನಿಮ್ಮ ಊರಿನ ದರ ಕೇಳಿ ಅದೇ ಜಾಗದಲ್ಲಿ ತುಂಬಿಕೊಳ್ಳಿ. ಲೆಕ್ಕ ಹಾಕುವ ರೀತಿ ಮಾತ್ರ ಬದಲಾಗದು.

ಹಂತ 1: ಒಂದು ಹಾಳೆ, ಎರಡು ಪಟ್ಟಿ

ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ 'ಓಡಿದರೆ ಆಗುವ ಖರ್ಚು', ಬಲಕ್ಕೆ 'ನಿಂತರೂ ಆಗುವ ಖರ್ಚು'. ಟೈರು, ಚೈನು, ಬ್ರೇಕ್ ಪ್ಯಾಡ್, ಟ್ಯಾಪೆಟ್ ಕೆಲಸ (ಎಂಜಿನ್ ವಾಲ್ವುಗಳ ಸಂದು ಸರಿಮಾಡುವುದು) ಎಡಕ್ಕೆ. ವಿಮೆ, ಆಯಿಲ್, ಬ್ರೇಕ್ ಫ್ಲೂಯಿಡ್, ಕೂಲೆಂಟ್, ಬ್ಯಾಟರಿ ಬಲಕ್ಕೆ. ಆಯಿಲ್ ಯಾಕೆ ಬಲಕ್ಕೆ ಅಂತೀರಾ? ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಹೋಗಿ ತಿಂಡಿ ತಿಂದು ಬರುವ ಗಾಡಿ ವರ್ಷಕ್ಕೆ 6,000 ಕಿ.ಮೀ. ದಾಟುವುದೇ ಅಪರೂಪ. ಮ್ಯಾನುಯಲ್ 'ಇಷ್ಟು ಕಿಲೋಮೀಟರ್ ಅಥವಾ 12 ತಿಂಗಳು, ಯಾವುದು ಮೊದಲೋ ಅದು' ಅನ್ನುತ್ತದೆ. ಹೆಚ್ಚಿನವರಿಗೆ ಮೊದಲು ಬರುವುದು ಹನ್ನೆರಡನೇ ತಿಂಗಳು.

ಹಂತ 2: ಟೈರಿನಿಂದ ಶುರು ಮಾಡಿ

ಹಯಬುಸಾದ ಮುಂದಿನ ಟೈರು 120/70 ಝಡ್‌ಆರ್ 17, ಹಿಂದಿನದು 190/50 ಝಡ್‌ಆರ್ 17. ಈ ಟೈರುಗಳ ರಬ್ಬರ್ ಮೆತ್ತಗಿರುತ್ತದೆ. ಹಿಡಿತ ಬರುವುದೇ ಅದರಿಂದ, ಬೇಗ ಸವೆಯುವುದೂ ಅದರಿಂದ. ನಮ್ಮ ಹೈವೇಗಳು ನೇರ. ಹಾಗಾಗಿ ಹಿಂದಿನ ಟೈರು ನಡುವೆ ಮಾತ್ರ ಸವೆದು ಚಪ್ಪಟೆಯಾಗುತ್ತದೆ, ಅಂಚು ಹೊಸದರಂತೆ ಉಳಿದಿರುತ್ತದೆ. ಅಂಚು ನೋಡಿ 'ಇನ್ನೂ ಬರುತ್ತೆ' ಅನ್ನಬೇಡಿ. ತಿರುವಿನಲ್ಲಿ ಗಾಡಿ ವಾಲಲು ಹಿಂಜರಿಯತೊಡಗಿದರೆ ಟೈರಿನ ಕಾಲ ಮುಗಿಯಿತು ಅಂತ ಅರ್ಥ.

ಹಿಂದಿನದಕ್ಕೆ 25,000 ರೂಪಾಯಿ, ಬಾಳಿಕೆ 7,000 ಕಿ.ಮೀ. ಅಂದುಕೊಳ್ಳಿ. ಕಿಲೋಮೀಟರಿಗೆ ಸುಮಾರು 3.60 ರೂಪಾಯಿ. ಮುಂದಿನದಕ್ಕೆ 18,000 ರೂಪಾಯಿ, 10,000 ಕಿ.ಮೀ. ಅಂದರೆ 1.80. ಎರಡೂ ಸೇರಿ 5.40. ಲೀಟರಿಗೆ 15 ಕಿ.ಮೀ. ಕೊಟ್ಟರೆ, ಲೀಟರ್ 103 ರೂಪಾಯಿ ಲೆಕ್ಕದಲ್ಲಿ ಪೆಟ್ರೋಲಿಗೆ ಆಗುವುದು ಹತ್ತಿರ ಹತ್ತಿರ 7 ರೂಪಾಯಿ. ನೋಡಿ, ಟೈರು ಪೆಟ್ರೋಲಿನ ಬೆನ್ನು ಹತ್ತಿ ಬಂತು! ಚೆನ್ನೈ ಹತ್ತಿರದ ಇರುಂಗಾಟುಕೊಟ್ಟೈ ರೇಸ್ ಟ್ರ್ಯಾಕಿಗೆ ಹೋಗುವ ಆಸೆ ಇದ್ದರೆ ಈ ಲೆಕ್ಕ ಹರಿದು ಹಾಕಿ, ಅಲ್ಲಿ ಟೈರಿನ ಆಯಸ್ಸೇ ಬೇರೆ.

ಹಳೇ ಗಾಡಿಯಾದರೆ ಟೈರಿನ ಪಕ್ಕದಲ್ಲಿ ಮೊಹರು ಹಾಕಿದಂತಿರುವ ನಾಲ್ಕು ಅಂಕಿ ಓದಿ. 2419 ಎಂದಿದ್ದರೆ 2019ರ 24ನೇ ವಾರದಲ್ಲಿ ತಯಾರಾದದ್ದು. ಟೈರಿನ ಅಚ್ಚು (ಟ್ರೆಡ್) ಎಷ್ಟೇ ಆಳವಿದ್ದರೂ ಅಷ್ಟು ಹಳೇ ರಬ್ಬರನ್ನು ನಂಬುವಂತಿಲ್ಲ.

ಹಂತ 3: ಚೈನು, ಬ್ರೇಕು

ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಭಾಗದಲ್ಲಿ ಚೈನನ್ನು ಎರಡು ಬೆರಳಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ. ಹಲ್ಲಿನಿಂದ ಎದ್ದು ಅರ್ಧ ಹಲ್ಲು ಕಂಡರೆ ಚೈನ್ ಕಿಟ್ ಪೂರ್ತಿ ಬದಲಿಸಬೇಕು. ಚೈನು ಮಾತ್ರ ಹಾಕಿ ಹಳೇ ಸ್ಪ್ರಾಕೆಟ್ ಉಳಿಸಿದರೆ ಹೊಸ ಚೈನೂ ಬೇಗ ಹಾಳು. 18,000 ರೂಪಾಯಿಯ ಕಿಟ್ 20,000 ಕಿ.ಮೀ. ಬಂದರೆ ಕಿಲೋಮೀಟರಿಗೆ 90 ಪೈಸೆ. ಅಷ್ಟು ಬರಬೇಕಾದರೆ 500 ಕಿ.ಮೀ.ಗೊಮ್ಮೆ ಸೀಮೆಎಣ್ಣೆಯಲ್ಲಿ ಒರೆಸಿ ಲ್ಯೂಬ್ ಹಾಕಬೇಕು. ಪೆಟ್ರೋಲ್ ಬೇಡ, ಒಳಗಿನ ರಬ್ಬರ್ ರಿಂಗುಗಳು ಕೆಡುತ್ತವೆ.

ಮುಂದೆ ಎರಡು ಡಿಸ್ಕ್, ಹಾಗಾಗಿ ಪ್ಯಾಡೂ ಎರಡು ಸೆಟ್. ಹಿಂದಿನದೂ ಸೇರಿ ಕಿಲೋಮೀಟರಿಗೆ ಒಂದು ರೂಪಾಯಿ ಇಡಿ. ಹ್ಯಾಂಡಲ್ ಮೇಲಿನ ಪುಟ್ಟ ಡಬ್ಬಿಯಲ್ಲಿರುವ ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಅದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಮಾಲೀಕರು ಆ ಕಡೆ ನೋಡಿಯೇ ಇಲ್ಲ.

ಹಂತ 4: ದೊಡ್ಡ ಸರ್ವೀಸಿಗೆ ಈಗಲೇ ಎತ್ತಿಡಿ

ಹದಿನಾರು ವಾಲ್ವ್‌ಗಳ ಸಂದು ಸರಿಯಿದೆಯೇ ಎಂದು ನೋಡುವುದು 24,000 ಕಿ.ಮೀ.ಗೊಮ್ಮೆ. ಕಮ್ಯೂಟರ್ ಬೈಕಿನಲ್ಲಿ ಟ್ಯಾಪೆಟ್ ಸೆಟ್ಟಿಂಗ್ ಅಂದರೆ ಸ್ಪ್ಯಾನರ್ ಮತ್ತು ಹತ್ತು ನಿಮಿಷ. ಇಲ್ಲಿ ಹಾಗಲ್ಲ. ಫೇರಿಂಗ್ (ಹೊರಗಿನ ಪ್ಲಾಸ್ಟಿಕ್ ಕವಚ) ಕಳಚಬೇಕು, ಟ್ಯಾಂಕ್ ಎತ್ತಬೇಕು, ಏರ್‌ಬಾಕ್ಸ್ ತೆಗೆಯಬೇಕು. ಆಮೇಲೆ ಸಂದು ಅಳೆಯುವ ತೆಳು ತಗಡು, ಅಂದರೆ ಫೀಲರ್ ಗೇಜ್ ತೂರಿಸಿ ಒಂದೊಂದನ್ನೇ ಅಳೆಯಬೇಕು. ಸಂದು ಕಡಿಮೆಯಾಗಿದ್ದರೆ ಕ್ಯಾಮ್‌ಶಾಫ್ಟ್ ಹೊರತೆಗೆದು, ವಾಲ್ವಿನ ಮೇಲೆ ಕೂರುವ ಬಟ್ಟಲಿನಂಥ ಬಕೆಟ್ಟಿನ ಕೆಳಗಿರುವ, ಗುಂಡಿಯಷ್ಟು ಚಿಕ್ಕ ಲೋಹದ ಬಿಲ್ಲೆ (ಶಿಮ್) ಬದಲಿಸಬೇಕು. ಶಿಮ್ ಅಗ್ಗ, ದುಡ್ಡೆಲ್ಲ ಲೇಬರ್‌ಗೆ. 30,000 ರೂಪಾಯಿ ಹಿಡಿದರೆ ಕಿಲೋಮೀಟರಿಗೆ 1.25. ವಾಲ್ವನ್ನು ಸ್ಪ್ರಿಂಗ್ ಬದಲು ಯಂತ್ರದ ತೋಳೇ ಮುಚ್ಚುವ ಡುಕಾಟಿಯ ಡೆಸ್ಮೊ ಎಂಜಿನ್‌ನಲ್ಲಿ ವಾಲ್ವ್ ತೆರೆಯಲೊಂದು ಶಿಮ್, ಮುಚ್ಚಲೊಂದು ಶಿಮ್. ಕೆಲಸ ಇನ್ನೂ ಜಾಸ್ತಿ, ಬಿಲ್ಲೂ ಜಾಸ್ತಿ.

ಸೆಕೆಂಡ್‌ಹ್ಯಾಂಡ್ ಸೂಪರ್‌ಬೈಕುಗಳು 20,000 ಕಿ.ಮೀ. ಆಸುಪಾಸಿನಲ್ಲಿ ಮಾರಾಟಕ್ಕೆ ಬಂದರೆ ಸ್ವಲ್ಪ ಎಚ್ಚರ. ಈ ಬಿಲ್ಲು ನಿಮ್ಮ ತಲೆಗೆ ಬರುವ ಹೊತ್ತು ಅದು.

ಹಂತ 5: ನಿಂತ ಗಾಡಿಯ ಬಿಲ್ಲು

350 ಸಿಸಿ ಮೀರಿದ ಬೈಕಿಗೆ 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 2,804 ರೂಪಾಯಿ. ಇದು ಏನೂ ಅಲ್ಲ. ದೊಡ್ಡದು ಸ್ವಂತ ಗಾಡಿಯ ಹಾನಿಗೆ ಕಟ್ಟುವ ಭಾಗ, ಅದು ಗಾಡಿಯ ಐಡಿವಿ (ವಿಮೆಯಲ್ಲಿ ಗಾಡಿಗೆ ಕಟ್ಟಿದ ಬೆಲೆ) ಮೇಲೆ ನಿಂತಿದೆ. ಎಲ್ಲ ಸೇರಿ 30,000 ರೂಪಾಯಿ ಎಂದಿಡೋಣ. ಆಯಿಲ್, ಫಿಲ್ಟರ್, ಲೇಬರ್ ಸೇರಿ ವಾರ್ಷಿಕ ಸರ್ವೀಸ್ 15,000. ಫ್ಲೂಯಿಡ್, ಕೂಲೆಂಟ್ ಸರಾಸರಿ 3,000. ಬ್ಯಾಟರಿ ಮೂರು ವರ್ಷಕ್ಕೊಂದು ಅಂದುಕೊಂಡು ಇನ್ನೊಂದು 3,000. ಒಟ್ಟು 51,000. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಬ್ಯಾಟರಿಯನ್ನು ನಿಧಾನಕ್ಕೆ ತುಂಬಿಡುವ ಟ್ರಿಕಲ್ ಚಾರ್ಜರ್ ತಂದುಬಿಡಿ, ಬ್ಯಾಟರಿಗಿಂತ ಅಗ್ಗ.

ಈಗ ಎರಡೂ ಪಟ್ಟಿ ಕೂಡಿಸಿ. ಎಡಗಡೆ, ಪೆಟ್ರೋಲ್ ಬಿಟ್ಟು, ಕಿಲೋಮೀಟರಿಗೆ 8.55. ವರ್ಷಕ್ಕೆ 5,000 ಕಿ.ಮೀ. ಓಡಿಸಿದರೆ 42,750. ಬಲಗಡೆಯದು ಸೇರಿ 93,750. ಕಿಲೋಮೀಟರಿಗೆ 18.75 ಬಿತ್ತು. ಅದೇ ಗಾಡಿಯನ್ನು 2,000 ಕಿ.ಮೀ. ಮಾತ್ರ ಓಡಿಸಿದರೆ? ಒಟ್ಟು 68,100, ಕಿಲೋಮೀಟರಿಗೆ 34 ರೂಪಾಯಿ! 'ಜಾಸ್ತಿ ಓಡಿಸಲ್ಲ, ಖರ್ಚು ಬರಲ್ಲ' ಎಂದು ಮನೆಯವರನ್ನು ಒಪ್ಪಿಸಲು ಹೊರಟವರು ಈ ಸಾಲನ್ನು ಮಡಚಿಡುವುದು ಒಳ್ಳೆಯದು.

ಹಂತ 6: ಬೀಳುವುದಕ್ಕೊಂದು ಹುಂಡಿ

ವೇಗದಲ್ಲಿ ಬೀಳುವುದಲ್ಲ, ನಿಂತಲ್ಲೇ ಬೀಳುವುದು. ಪೆಟ್ರೋಲ್ ಬಂಕಿನ ಇಳಿಜಾರು, ಬೇಸ್‌ಮೆಂಟ್ ಪಾರ್ಕಿಂಗಿನ ನುಣುಪು ನೆಲ, ಮಣ್ಣಿಗೆ ಇಳಿಯುವ ಸೈಡ್ ಸ್ಟ್ಯಾಂಡ್. 265 ಕೆ.ಜಿ. ಒಮ್ಮೆ ವಾಲಿದರೆ ಕೈಯಲ್ಲಿ ತಡೆಯಲಾಗದು. ಫೇರಿಂಗ್, ಮಿರರ್, ಇಂಡಿಕೇಟರ್, ಲಿವರ್, ಎಂಜಿನ್ ಕವರ್, ಒಂದೇ ಏಟಿಗೆ ಎಲ್ಲವೂ. ಮಾಮೂಲಿ ವಿಮೆಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ 50% ಸವಕಳಿ ಕಳೆದು ಕೊಡುತ್ತಾರೆ. ಅರ್ಧ ನಿಮ್ಮ ಜೇಬಿನಿಂದ. ಈ ಸವಕಳಿ ಕಳೆಯದ ವಿಮೆ, ಅಂದರೆ ಝೀರೋ ಡೆಪ್, ಸಿಗುವಷ್ಟು ವರ್ಷ ಬಿಡದೆ ತೆಗೆದುಕೊಳ್ಳಿ. ಗಾಡಿ ಬಿದ್ದಾಗ ಏಟು ತಾನು ತಿನ್ನುವ ಫ್ರೇಮ್ ಸ್ಲೈಡರ್ ಮೊದಲ ದಿನವೇ ಹಾಕಿಸಿ. ಚಂದ ಕೆಡುತ್ತೆ ಅನ್ನುವವರಿದ್ದಾರೆ, ಅವರಿಗೆ ಒಂದು ಫೇರಿಂಗಿನ ಬೆಲೆ ಕೇಳಲು ಹೇಳಿ.

ಹಂತ 7: ಹಾಳೆ ಹಿಡಿದು ಚೌಕಾಸಿ

ಸೆಕೆಂಡ್‌ಹ್ಯಾಂಡ್ ಗಾಡಿಯಾದರೆ ಅಡ್ವಾನ್ಸ್ ಕೊಡುವ ಮೊದಲು ಸರ್ವೀಸ್ ದಾಖಲೆ ಕೇಳಿ. ಅದು ಕಂಪನಿ ಸರ್ವೀಸ್ ಸೆಂಟರಿನ ಜಾಬ್ ಕಾರ್ಡಿಗೆ ಹೊಂದುತ್ತದೆಯೇ ನೋಡಿ. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಬೆರಳಾಡಿಸಿ. ಎಣ್ಣೆ ಅಂಟಿದರೆ ಆಯಿಲ್ ಸೀಲ್ ಹೋಗಿದೆ. ನಮ್ಮ ಧೂಳು, ಹಂಪುಗಳಿಗೆ ಅದು ಮಾಮೂಲು. ಹೊರರಾಜ್ಯದ ನಂಬರ್ ಇದ್ದರೆ ಇಲ್ಲಿನ ತೆರಿಗೆ ಎಷ್ಟಾಗುತ್ತದೆ ಎಂದು ಆರ್‌ಟಿಒದಲ್ಲೇ ವಿಚಾರಿಸಿ, ಬ್ರೋಕರ್ ಮಾತು ಬೇಡ.

ಆಮೇಲೆ ಮುಂದಿನ ಆರು ತಿಂಗಳಲ್ಲಿ ಏನೇನು ಬದಲಿಸಬೇಕಾಗುತ್ತದೆ ಎಂದು ಬರೆಯಿರಿ. ಟೈರು 43,000, ಚೈನ್ ಕಿಟ್ 18,000, ವಾಲ್ವ್ ಕೆಲಸ 30,000. ಒಟ್ಟು 91,000. ಮಾರುವವರ ಮುಂದೆ ಹಾಳೆ ಇಟ್ಟು ಅಷ್ಟು ಬೆಲೆ ಇಳಿಸಲು ಕೇಳಿ. ಪೂರ್ತಿ ಒಪ್ಪುವವರು ಕಡಿಮೆ. ಅರ್ಧಕ್ಕೂ ಒಪ್ಪದಿದ್ದರೆ ಬೇರೆ ಗಾಡಿ ನೋಡಿ.