ಮೂರು ಹಳೆ ಪಂಚೆ, ಒಂದು ಮಮ್ಮಿ

ಸಿನಿಮಾಕ್ಕೋ ನಾಟಕಕ್ಕೋ ಮಮ್ಮಿ ವೇಷ, ಅಂದರೆ ಬಟ್ಟೆ ಸುತ್ತಿಟ್ಟ ಈಜಿಪ್ಟಿನ ಹೆಣದ ವೇಷ ಮಾಡುವುದಾದರೆ, ಸುತ್ತಲು ಹೊಸ ಬಟ್ಟೆ ಕೊಳ್ಳಬೇಡಿ. ಮೊದಲು ಮನೆಯ ಅಟ್ಟ ಹುಡುಕಿ. ಹತ್ತಿಪ್ಪತ್ತು ವರ್ಷ ಒಗೆದು ಒಗೆದು ಮೆತ್ತಗಾದ ಎಂಟು ಮೊಳದ ಹತ್ತಿ ಪಂಚೆ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ನನ್ನ ಮೊದಲ ಮಮ್ಮಿ ಆಗಿದ್ದು ನಮ್ಮ ತಾತನ ಪಂಚೆಗಳಿಂದ. ಈಜಿಪ್ಟಿನವರೂ ಎಷ್ಟೋ ಸಲ ಮನೆಯಲ್ಲಿ ಬಳಸಿ ಹಳೆಯದಾದ ನಾರುಬಟ್ಟೆಯನ್ನೇ ಹರಿದು ಹೆಣಕ್ಕೆ ಸುತ್ತುತ್ತಿದ್ದರು. ಇದು ಗೊತ್ತಾದ ದಿನ ನನಗೆ ತುಂಬಾ ಖುಷಿಯಾಗಿತ್ತು.

ನಾನು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಹವ್ಯಾಸಿ ನಾಟಕ ತಂಡಗಳಿಗೆ, ಕಿರುಚಿತ್ರ ಮಾಡುವ ಹುಡುಗರಿಗೆ ಬಟ್ಟೆ ಹೊಲಿದು ಕೊಡುತ್ತೇನೆ. ಯುರೋಪಿನವರು ಕಡಿಮೆ ದುಡ್ಡಿನಲ್ಲಿ ತೆಗೆದ ಹಳೇ ಮಮ್ಮಿ ಸಿನಿಮಾಗಳೆಂದರೆ ನನಗೆ ಪ್ರಾಣ. ಅಲ್ಲಿ ಕಂಪ್ಯೂಟರ್ ಕೈಚಳಕ ಇಲ್ಲ. ಬಟ್ಟೆ, ಧೂಳು, ಬೆಳಕು, ಒಳಗೊಬ್ಬ ಮನುಷ್ಯ. ಅಷ್ಟೇ ಇರುವುದರಿಂದ ನಾವೂ ಮಾಡಬಹುದು ಅನ್ನಿಸುತ್ತದೆ.

ಕತ್ತರಿ ಹಿಡಿಯುವ ಮೊದಲು 1959ರ ಬ್ರಿಟಿಷ್ ಸಿನಿಮಾ ‘ದ ಮಮ್ಮಿ’ ನೋಡಿ. ಹ್ಯಾಮರ್ ಕಂಪನಿಯದು, ಟೆರೆನ್ಸ್ ಫಿಶರ್ ನಿರ್ದೇಶನ. ಕ್ರಿಸ್ಟಫರ್ ಲೀ ಇದರಲ್ಲಿ ಖಾರಿಸ್ ಅನ್ನುವ ಪೂಜಾರಿ. ಸತ್ತ ರಾಜಕುಮಾರಿ ಅನಂಕಾಳನ್ನು ಬದುಕಿಸಲು ಹೋಗಿ ಸಿಕ್ಕಿಬಿದ್ದವನು. ಅವನ ನಾಲಿಗೆ ಕತ್ತರಿಸಿ, ಜೀವ ಇರುವಾಗಲೇ ಗೋರಿಯಲ್ಲಿ ಮುಚ್ಚುತ್ತಾರೆ. ಹಾಗಾಗಿ ಎದ್ದು ಬಂದ ಮೇಲೆ ಅವನಿಗೆ ಮಾತಿಲ್ಲ. ಗುಂಡು ಹೊಡೆದರೂ ನಿಲ್ಲುವುದಿಲ್ಲ, ಈಟಿ ಚುಚ್ಚಿದರೂ ನಿಲ್ಲುವುದಿಲ್ಲ. ಅನಂಕಾಳನ್ನೇ ಹೋಲುವ ಇಸಬೆಲ್ ಕೂದಲು ಬಿಚ್ಚಿಕೊಂಡು ಎದುರು ನಿಂತಾಗ ಮಾತ್ರ ನಿಲ್ಲುತ್ತಾನೆ. ಅಲ್ಲಿ ಪಾಸ್ ಮಾಡಿ ನೋಡಿ. ಮುಖದ ತುಂಬಾ ಬಟ್ಟೆ, ಕೆಸರು. ಕಾಣುವುದು ಎರಡು ಕಣ್ಣು. ಆ ಕಣ್ಣಲ್ಲಿ ಎಷ್ಟು ದುಃಖ ಇದೆ ಅಂದರೆ, ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ನೀವು ಸುತ್ತುವ ಒಂದೊಂದು ಪಟ್ಟಿಯೂ ಆ ಕಣ್ಣಿಗೆ ದಾರಿ ಬಿಡಬೇಕು.

ಈಗ ಬಟ್ಟೆ. ಲೆಕ್ಕಕ್ಕೆ ಎರಡು ಪಂಚೆ ಸಾಕು, ಮೂರು ಇಟ್ಟುಕೊಳ್ಳಿ. ಜರಿ ಅಂಚು ತೆಗೆದುಬಿಡಿ. 3 ಇಂಚಿಗೊಂದು ಗುರುತು ಹಾಕಿ, ತುದಿಯಲ್ಲಿ ಮಾತ್ರ ಕತ್ತರಿ ತಾಗಿಸಿ, ಆಮೇಲೆ ಕೈಯಲ್ಲಿ ಹರಿಯಿರಿ. ಪರ್ ಅಂತ ಸದ್ದು ಬರಬೇಕು. ಹರಿದರೆ ಅಂಚಿನಲ್ಲಿ ಎಳೆ ಎದ್ದು ನಿಲ್ಲುತ್ತದೆ. ಕತ್ತರಿಸಿದ ಪಟ್ಟಿ ಆಸ್ಪತ್ರೆಯ ಬ್ಯಾಂಡೇಜಿನ ಹಾಗೆ ಕಾಣುತ್ತದೆ, ಅದು ಬೇಡ.

ಬಣ್ಣಕ್ಕೆ ಡಸ್ಟ್ ಟೀ. 5 ಲೀಟರ್ ನೀರಿಗೆ 200 ಗ್ರಾಂ ಪುಡಿ, ಒಂದು ಹಿಡಿ ಉಪ್ಪು. ಚೆನ್ನಾಗಿ ಕುದಿಸಿ ಸೋಸಿ, ಪಟ್ಟಿಗಳನ್ನು ರಾತ್ರಿಯಿಡೀ ನೆನೆಸಿ. ನಾನು ಇದಕ್ಕೆ ಕಾಫಿ ಚರಟವನ್ನೂ ಸೇರಿಸುತ್ತೇನೆ. ನಮ್ಮ ಬೀದಿಯ ದರ್ಶಿನಿಯವರು ದಿನಾ ಅಷ್ಟೊಂದು ಚರಟ ಎಸೆಯುತ್ತಾರೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಚರಟವನ್ನು ಒದ್ದೆ ಪಟ್ಟಿಯ ಮೇಲೆ ಅಲ್ಲಲ್ಲಿ ಒತ್ತಿ, ಪಟ್ಟಿಯನ್ನು ಗಂಟು ಹಾಕಿ ತಾರಸಿಯಲ್ಲಿ ಒಣಗಿಸಿ. ಗಂಟು ಬಿಚ್ಚಿದಾಗ ಕಲೆ ಎಲ್ಲೆಲ್ಲೋ ಕೂತಿರುತ್ತದೆ. ಒಂದೇ ಸಮನೆ ಕಂದು ಬಣ್ಣ ಬಂದರೆ ಅದು ಹಳೆಯದಾಗಿ ಕಾಣುವುದಿಲ್ಲ, ಬಣ್ಣ ಹಾಕಿದ್ದು ಅಂತ ಕ್ಯಾಮೆರಾಗೆ ಗೊತ್ತಾಗಿಬಿಡುತ್ತದೆ. ಆಮೇಲೆ ತೆಂಗಿನ ನಾರಿನಲ್ಲಿ ಮೊಣಕೈ, ಮಂಡಿಯ ಹತ್ತಿರ ಬರುವ ಪಟ್ಟಿಗಳನ್ನು ಉಜ್ಜಿ ಸವೆಸಿ.

ನಟನ ಮೈಗೆ ನೇರವಾಗಿ ಸುತ್ತಬೇಡಿ. ಹತ್ತು ಹೆಜ್ಜೆ ನಡೆದರೆ ಎಲ್ಲಾ ಜಾರಿ ಕಾಲಿಗೆ ಬರುತ್ತದೆ. ತುಂಬು ತೋಳಿನ ಬನಿಯನ್, ಉದ್ದ ಒಳಚಲ್ಲಣ ತೆಗೆದುಕೊಂಡು, ಅವನು ಅದನ್ನು ಹಾಕಿಕೊಂಡು ನಿಂತಿರುವಾಗ ಪಟ್ಟಿ ಸುತ್ತಿ ಗುಂಡುಪಿನ್ನು ಹಾಕಿ. ಒಂದರ ಮೇಲೊಂದು ಅರ್ಧ ಬರಲಿ. ಬಿಚ್ಚಿ ಕೈಹೊಲಿಗೆ ಹಾಕಿ. ಬೆನ್ನಿಗೆ ಜಿಪ್, ಅದನ್ನು ಮುಚ್ಚಲು ಟಿಚ್ ಬಟನ್ ಇಟ್ಟ ಒಂದು ಪಟ್ಟಿ. ಜಿಪ್, ಬಟನ್ ಎಲ್ಲಾ ಮಾಮೂಲ್‌ಪೇಟೆಯಲ್ಲಿ ಸಿಗುತ್ತದೆ. ನಿಜವಾದ ಮಮ್ಮಿಯಲ್ಲಿ ಕೈಕಾಲು ಒಟ್ಟಿಗೆ ಸೇರಿಸಿ ಕಟ್ಟಿರುತ್ತಾರೆ, ಸಿನಿಮಾದ ಮಮ್ಮಿ ನಡೆಯಬೇಕಲ್ವಾ, ಅದಕ್ಕೇ ಬಿಡಿಬಿಡಿ. ಆದರೆ ಒಂದು ವಿಷಯ ಈಜಿಪ್ಟಿನವರಿಂದಲೇ ಕಲಿಯಿರಿ: ಬೆರಳುಗಳನ್ನು ಒಂದೊಂದಾಗಿ ಸುತ್ತಿ. ಬೇಸರದ ಕೆಲಸ, ನನಗೆ ಒಂದು ಕೈಗೆ ಎರಡು ಗಂಟೆ ಹಿಡಿಯುತ್ತದೆ. ಬಾಗಿಲ ಸಂದಿಯಿಂದ ಆ ಬೆರಳು ಒಳಗೆ ಬಂದಾಗ ಎರಡು ಗಂಟೆ ಸಾರ್ಥಕ.

ಮುಖದ ಬಗ್ಗೆ ಬಹಳ ಎಚ್ಚರ ಬೇಕು. ನಮ್ಮ ಮೊದಲ ಶೂಟಿಂಗ್ ಏಪ್ರಿಲ್‌ನಲ್ಲಿ, ಗವಿಪುರದ ಒಂದು ಹಳೇ ಮನೆಯಲ್ಲಿ. ಬಾಯಿಯ ಮೇಲಿನ ಪಟ್ಟಿಯನ್ನು ನಾನು ಬಿಗಿಯಾಗಿ ಹೊಲಿದುಬಿಟ್ಟಿದ್ದೆ. ಲೈಟಿನ ಕಾವಿನಲ್ಲಿ ನಿಂತಿದ್ದ ಹುಡುಗ ಕೈ ಎತ್ತಿದ. ಅಭಿನಯ ಅಂದುಕೊಂಡೆವು. ಅವನು ಗೋಡೆಗೆ ಒರಗಿ ಕುಸಿದ ಮೇಲೆ ಓಡಿಹೋಗಿ ಕತ್ತರಿಯಲ್ಲಿ ಬಿಚ್ಚಿದೆ. ಅವನ ತುಟಿ ಒಣಗಿ ಬೆಳ್ಳಗಾಗಿತ್ತು. ಅವತ್ತಿನಿಂದ ಮೂಗು, ಬಾಯಿಯ ಹತ್ತಿರ ಪಟ್ಟಿ ಸಡಿಲ, ಒಳಗೆ ಗಾಳಿಗೆ ಜಾಗ, 15 ನಿಮಿಷಕ್ಕೊಮ್ಮೆ ಮುಖವಾಡ ಹೊರಗೆ. ನಟ ಎರಡು ಸಲ ತೊಡೆ ತಟ್ಟಿದರೆ ಕ್ಯಾಮೆರಾ ಬಂದ್. ಮುಲ್ತಾನಿ ಮಿಟ್ಟಿಯ ಧೂಳನ್ನು ಭುಜ, ಬೆನ್ನಿಗೆ ಮಾತ್ರ ಹಾಕಿ, ಮುಖಕ್ಕೆ ಬೇಡ. ಕಣ್ಣಿನ ತೂತು ದೊಡ್ಡದಿರಲಿ. ಸುತ್ತಲಿನ ಚರ್ಮಕ್ಕೆ ಕಾಡಿಗೆ ಹಚ್ಚಿದರೆ ಅಂಚು ಕಾಣುವುದಿಲ್ಲ.

ನಡಿಗೆಗೆ ನಟನ ಮೈಕಟ್ಟು ನೋಡಿ. ಲೀ 6 ಅಡಿ 5 ಇಂಚು ಎತ್ತರ. ಅವನ ಖಾರಿಸ್ ಕಾಲೆಳೆಯುವುದಿಲ್ಲ, ದಾಪುಗಾಲು ಹಾಕುತ್ತಾನೆ. ಸ್ಪೇನಿನ ಪಾಲ್ ನ್ಯಾಶಿ ಬೇರೆ ಥರ. ಭಾರ ಎತ್ತುವ ಕ್ರೀಡಾಪಟು ಆಗಿದ್ದವನು, ಅಗಲ ಮೈ. ಕಾರ್ಲೋಸ್ ಔರೆಡ್ 1970ರ ದಶಕದಲ್ಲಿ ನಿರ್ದೇಶಿಸಿದ ಮಮ್ಮಿ ಸಿನಿಮಾದಲ್ಲಿ ಅವನದು ಗೋಡೆಯೇ ನಡೆದು ಬಂದ ಹಾಗೆ. ಮಮ್ಮಿಯೂ ಅವನೇ, ಅದನ್ನು ಎಬ್ಬಿಸುವವನೂ ಅವನೇ! ನಮ್ಮ ಎರಡನೇ ಮಮ್ಮಿಗೆ ಗರಡಿ ಮನೆಗೆ ಹೋಗುವ ಹುಡುಗನನ್ನು ಹಿಡಿದೆವು. ಅವನಿಗೆ ಏನೂ ಹೇಳಿಕೊಡಬೇಕಾಗಲಿಲ್ಲ.

ಲೈಟು ಎದುರಿನಿಂದ ಬೇಡ, ಪಟ್ಟಿಗಳೆಲ್ಲಾ ಚಪ್ಪಟೆಯಾಗುತ್ತವೆ. ಪಕ್ಕದಿಂದ ಒಂದು, ಹಸಿರು ಜೆಲಟಿನ್ (ಬೆಳಕಿಗೆ ಬಣ್ಣ ಕೊಡುವ ತೆಳು ಹಾಳೆ) ಹಾಕಿ ಹಿಂದಿನಿಂದ ಒಂದು. 1959ರ ಸಿನಿಮಾದ ಕ್ಯಾಮೆರಾಮನ್ ಜ್ಯಾಕ್ ಆಷರ್ ಬಣ್ಣದ ಬೆಳಕು ಬಳಸಿದ ರೀತಿ ನೋಡಿದರೆ ತಿಳಿಯುತ್ತದೆ.

ಇಷ್ಟಕ್ಕೂ ದುಡ್ಡಿಲ್ಲವಾ? ಹ್ಯಾಮರ್‌ನವರದೇ 1971ರ ಒಂದು ಸಿನಿಮಾದಲ್ಲಿ ಬ್ಯಾಂಡೇಜು ಸುತ್ತಿದ ಮಮ್ಮಿ ಎದ್ದು ನಡೆಯುವುದೇ ಇಲ್ಲ. ತೇರಾ ರಾಣಿಯ ಕತ್ತರಿಸಿದ ಕೈ ಒಂದು ತೆವಳುತ್ತದೆ. ನೀವೂ ಒಂದೇ ಕೈ ಸುತ್ತಿ. ಮೊಣಕೈವರೆಗೆ ಕಪ್ಪು ತೋಳು ತೊಡಿಸಿ, ನಟನನ್ನು ಮಂಚದ ಕೆಳಗೆ ಮಲಗಿಸಿ. ಕೆಂಪು ಗಾರೆ ನೆಲ ಇದ್ದರೆ ಇನ್ನೂ ಚೆನ್ನ. ಕ್ಯಾಮೆರಾ ನೆಲಕ್ಕೇ ಇಡಿ. ಮೊದಲು ತೋರುಬೆರಳು ಬರಲಿ, ಸ್ವಲ್ಪ ಕಾಯಲಿ, ಆಮೇಲೆ ಉಳಿದ ನಾಲ್ಕು.