ಕ್ಯಾನಿನಲ್ಲಿ ಉಳಿದ ಹಳೇ ಪೆಟ್ರೋಲ್ ಮಷಿನ್ನಿಗೆ ಹಾಕಬಹುದೇ?

ಮೇ ತಿಂಗಳ ಕೊನೆಗೆ ಶಿರಸಿಯ ನನ್ನ ರಿಪೇರಿ ಅಂಗಡಿಯ ಮುಂದೆ ಕಳೆ ಹೊಡೆಯುವ ಮಷಿನ್ನು, ಮದ್ದು ಹೊಡೆಯುವ ಪಂಪುಗಳ ಸಾಲೇ ನಿಲ್ಲುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮೊದಲ ಸುತ್ತು ಹತ್ತಿರ ಬಂದಿರುತ್ತದೆ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಕ್ಕಿದ್ದೇ ಪುಣ್ಯ ಅನ್ನುವ ಹೊತ್ತು, ಪಂಪು ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದರೆ ವಾಸನೆಯಲ್ಲೇ ಅರ್ಧ ಉತ್ತರ ಸಿಗುತ್ತದೆ: ದೀಪಾವಳಿ ಆಸುಪಾಸಿನಲ್ಲಿ ತುಂಬಿಸಿದ ಪೆಟ್ರೋಲ್.

"ಕಡ್ಡಿ ಗೀರಿದರೆ ಭಗ್ ಅಂತ ಹತ್ತುತ್ತದಲ್ಲ ಮಾರಾಯ, ಕೆಟ್ಟದ್ದು ಹೇಗೆ?" ಎಂದು ಕೇಳುವವರಿದ್ದಾರೆ. ದಯವಿಟ್ಟು ಆ ಪರೀಕ್ಷೆ ಮಾತ್ರ ಮಾಡಬೇಡಿ. ಎಂಜಿನ್ನಿಗೆ ಕೆಲಸಕ್ಕೆ ಬಾರದ ಪೆಟ್ರೋಲೂ ಮನೆ ಸುಡಲು ಸಾಕು. ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಭಾಗ ಮೊದಲು ಹಾರಿಹೋಗುತ್ತದೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲು ಬೇಕಾದದ್ದೇ ಅದು. ಉಳಿದದ್ದು ಗಾಳಿ ತಾಗಿ ನಿಧಾನಕ್ಕೆ ಅಂಟಾಗುತ್ತದೆ, ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಸಣ್ಣ ತೂತಿನಲ್ಲಿ, ಅಂದರೆ ಜೆಟ್ಟಿನಲ್ಲಿ, ಕೂರುತ್ತದೆ. ಚೋಕ್ ಹಾಕಿದಾಗ ಹತ್ತಿ, ರೇಸ್ ಕೊಟ್ಟ ಕೂಡಲೇ ನಿಂತುಹೋದರೆ ಮೊದಲು ಅಲ್ಲೇ ನೋಡಿ.

ಈಗ ಇನ್ನೊಂದು ತೊಂದರೆ ಸೇರಿದೆ. ಶೇ 20 ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಈಗ ಬಂಕಿನಲ್ಲಿ ಸಿಗುವುದು ಬಹುಪಾಲು ಅದೇ. ಅಂದರೆ 5 ಲೀಟರ್ ಕ್ಯಾನಿನಲ್ಲಿ 1 ಲೀಟರ್ ಎಥನಾಲ್. ಅದು ನೀರನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ಸಡಿಲವಾಗಿರುವ ಅರ್ಧ ಖಾಲಿ ಕ್ಯಾನಿಗೆ ನೀರು ಹೊರಗಿಂದ ಹೊಯ್ಯಬೇಕಾಗಿಲ್ಲ, ಗಾಳಿಯ ತೇವವೇ ಸಾಕು. ಹಿಡಿಯಲಾರದಷ್ಟು ನೀರು ಸೇರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಮೇಲೆ ಉಳಿಯುವ ಪೆಟ್ರೋಲಿನ ಆಕ್ಟೇನ್ (ಎಂಜಿನ್ ಬಡಿದುಕೊಳ್ಳದಂತೆ ಉರಿಯುವ ಗುಣ) ಕೂಡ ಇಳಿದಿರುತ್ತದೆ. ಮಷಿನ್ನಿನ ಪೈಪು ಎಳೆಯುವುದು ಟ್ಯಾಂಕಿನ ತಳದಿಂದ ಎನ್ನುವುದು ನೆನಪಿರಲಿ.

ಹಾಗಾದರೆ ನೋಡುವುದು ಹೇಗೆ? ಬಯಲಿನಲ್ಲಿ, ಒಲೆ, ಬೀಡಿ ಯಾವುದೂ ಹತ್ತಿರ ಇಲ್ಲದ ಕಡೆ, ಒಣಗಿದ ಗಾಜಿನ ಬಾಟಲಿಗೆ ಕ್ಯಾನಿನ ತಳದ ಪೆಟ್ರೋಲ್ ಸ್ವಲ್ಪ ತೆಗೆದುಕೊಳ್ಳಿ. ಪಕ್ಕದಲ್ಲಿ ಇನ್ನೊಂದು ಬಾಟಲಿಯಲ್ಲಿ ಹೊಸದನ್ನು ಇಡಿ. ಹೋಲಿಕೆ ಇಲ್ಲದೆ ಬಣ್ಣ ಗೊತ್ತಾಗುವುದಿಲ್ಲ. ಅಲುಗಾಡಿಸದೆ ಅರ್ಧ ಗಂಟೆ ಬಿಡಿ. ತಳದಲ್ಲಿ ಬೇರೆ ಪದರ ಕಂಡರೆ, ಮಸುಕಾಗಿದ್ದರೆ, ಕಷಾಯದ ಬಣ್ಣಕ್ಕೆ ತಿರುಗಿದ್ದರೆ, ಹುಳಿ ಅಥವಾ ವಾರ್ನಿಷ್ ವಾಸನೆ ಹೊಡೆದರೆ ಯಾವ ಎಂಜಿನ್ನಿಗೂ ಬೇಡ. ಪಂಚೆ ಬಟ್ಟೆಯಲ್ಲಿ ಸೋಸಿದರೆ ಕಸ ಹೋದೀತು, ಕರಗಿದ ಅಂಟು ಹೋಗುವುದಿಲ್ಲ.

ತಿಳಿಯಾಗಿದೆ, ಬಿಗಿ ಮುಚ್ಚಳದ ಕ್ಯಾನಿನಲ್ಲಿ ನೆರಳಲ್ಲಿತ್ತು, ಮೂರು ತಿಂಗಳು ದಾಟಿಲ್ಲ ಎಂದಾದರೆ ಒಂದು ಪಾಲಿಗೆ ನಾಲ್ಕು ಪಾಲು ಹೊಸದು ಸೇರಿಸಿ ಹಳೇ ಬೈಕಿಗೆ ಹಾಕಿ ಖರ್ಚು ಮಾಡಿ. ಟೂ ಸ್ಟ್ರೋಕ್ ಕಳೆ ಮಷಿನ್ನಿಗೆ ಮಾತ್ರ ಅದನ್ನೂ ನಾನು ಹಾಕುವುದಿಲ್ಲ. ಅದರ ಪಿಸ್ಟನ್ನಿಗೆ ಜಿಡ್ಡು ಸಿಗುವುದು ಪೆಟ್ರೋಲಿಗೆ ಬೆರೆಸಿದ ಆಯಿಲ್‌ನಿಂದ. ತಳದ ನೀರು ಒಳಗೆ ಹೋದರೆ ಆಯಿಲ್ ಇಲ್ಲದೆ ಓಡಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇನ್ನೂರು ರೂಪಾಯಿ ಪೆಟ್ರೋಲ್ ಉಳಿಸಲು ಹೋಗಿ ಸಿಲಿಂಡರ್ ಕಿಟ್ ಹಾಕಿಸುವುದು ನನ್ನ ಅಂಗಡಿಗೆ ಲಾಭ, ನಿಮಗಲ್ಲ. ಆಯಿಲ್ ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳ ಮೇಲೆ ಇಡಲೇಬೇಡಿ. 1:50 ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್, ಅಂದಿನ ಕೆಲಸಕ್ಕೆ ಬೇಕಾದಷ್ಟೇ ಬೆರೆಸಿ. ಪ್ರಮಾಣ ಮಷಿನ್ನಿಂದ ಮಷಿನ್ನಿಗೆ ಬೇರೆ, ಕೈಪಿಡಿ ನೋಡಿ. ಈ ಮಿಶ್ರಣ ಉಳಿದರೆ ಹೊಸ ಹೊಗೆ ನಿಯಮದ ಬಿಎಸ್6 ಬೈಕಿಗೂ ಹಾಕಬೇಡಿ, ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ.

ಕೆಟ್ಟದ್ದನ್ನು ಏನು ಮಾಡುವುದು? ಬಚ್ಚಲೊಲೆಗೆ ಹೊಯ್ಯುವುದು, ಕಣಜದ ಗೂಡು ಸುಡುವುದು, ತೋಟದ ಕಾಲುವೆಗೆ ಚೆಲ್ಲುವುದು ಮೂರೂ ಬೇಡ. ಕಾಲುವೆಯ ನೀರು ಕೊನೆಗೆ ಯಾರದೋ ಬಾವಿಗೇ ಹೋಗುತ್ತದೆ. ಬಿಗಿಯಾಗಿ ಮುಚ್ಚಿ, "ಕೆಟ್ಟ ಪೆಟ್ರೋಲ್" ಎಂದು ಬರೆದು ಗ್ಯಾರೇಜಿಗೆ ಕೇಳಿ ನೋಡಿ. ಬಿಡಿಭಾಗ ತೊಳೆಯಲು ಕೆಲವರು ತೆಗೆದುಕೊಳ್ಳುತ್ತಾರೆ.

ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವ ತನಕ ಓಡಲು ಬಿಡಿ. ಕಾರ್ಬ್ಯುರೇಟರ್ ಬಹುಮಟ್ಟಿಗೆ ಒಣಗುತ್ತದೆ. ಕ್ಯಾನನ್ನು ಅಡಿಕೆ ಬೇಯಿಸುವ ಒಲೆಯಿರುವ ಕಡೆ ಇಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಬೆಂಕಿಯ ತನಕ ಹೋಗುತ್ತದೆ. ಮಾರಾಟಕ್ಕಲ್ಲದ ಪೆಟ್ರೋಲ್ ಪರವಾನಗಿ ಇಲ್ಲದೆ ಇಡಲು 1934ರ ಪೆಟ್ರೋಲಿಯಂ ಕಾಯ್ದೆ ಬಿಡುವುದು 30 ಲೀಟರ್ ತನಕ. ಅದನ್ನೂ ಬಿಗಿ ಮುಚ್ಚಳದ ಪಾತ್ರೆಯಲ್ಲೇ ಇಡಬೇಕು: ಲೋಹದ್ದಾದರೆ 25 ಲೀಟರ್ ಮೀರಬಾರದು, ಗಾಜು ಅಥವಾ ಪಿಂಗಾಣಿಯಾದರೆ 1 ಲೀಟರ್. ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿ ಆ ಪಟ್ಟಿಯಲ್ಲಿಲ್ಲ.